ಫೋಟೊ ಇಲ್ಲದ ಕಣ್ಣಿಗೆ ಬೆಲೆ ಇಲ್ಲೇನು?

ಖಾನಾಪುರದ ಕಡೆಯ ಹುಡುಗನೊಬ್ಬ ಹಕ್ಕಿ ಎಣಿಕೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇವತ್ತ ಮುಂಜಾನೆ ದೊಡ್ಡ ಮಂಗಟ್ಟೆ ನೋಡಿದೆ’ ಎಂದು ಬರೆದರೆ ಬರುವ ಮೊದಲ ಉತ್ತರ ‘ಫೋಟೊ ಹಾಕ್ರಿ’. ಫೋಟೊ ಇಲ್ಲ ಎಂದರೆ ಎರಡನೇ ಉತ್ತರ ಬರುವುದೇ ಇಲ್ಲ. ಯಾರೋ ಒಬ್ಬರು ನಗುವ ಮುಖದ ಚಿತ್ರ ಒತ್ತುತ್ತಾರೆ. ಇನ್ನೊಬ್ಬರು ‘ಕಾಗಿ ಇರಬೇಕ ನೋಡಪಾ’ ಅನ್ನುತ್ತಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಮುಂದಿನ ವರ್ಷದ ಎಣಿಕೆಗೆ ಅವನು ಬರುವುದಿಲ್ಲ. ಅದೇ ಗುಂಪಿನಲ್ಲಿ ಬೆಳಗಾವಿಯ ಸಾಹೇಬರೊಬ್ಬರು ಮೊಳದುದ್ದದ ಲೆನ್ಸಿನವರು, ತಪ್ಪು ಹೆಸರು ಬರೆದು ಹಾಕಿದರೂ ಚಪ್ಪಾಳೆ ಬೀಳುತ್ತದೆ.

ಇದು ಸರಿಯಲ್ಲ ಎಂದು ಹೇಳುವುದಕ್ಕೇ ಈ ಬರಹ. ಆದರೆ ಪೂರ್ತಿ ಓದಿ, ಯಾಕೆಂದರೆ ಬೈಗುಳದಲ್ಲಿ ಅರ್ಧ ಪಾಲು ನಮ್ಮ ಹಳ್ಳಿಯವರಿಗೂ ಇದೆ.

ಎಣಿಕೆ ಎಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹೆಸರಿನ ಈ ಕೆಲಸ 1998ರಲ್ಲಿ ಅಮೆರಿಕದಲ್ಲಿ ಶುರುವಾಯಿತು. 2013ರಲ್ಲಿ ಭಾರತದವರೂ ಸೇರಿಕೊಂಡರು. ಫೆಬ್ರುವರಿಯ ನಡುವೆ ಶುಕ್ರವಾರದಿಂದ ಸೋಮವಾರದವರೆಗೆ ನಾಲ್ಕು ದಿನ. ಕನಿಷ್ಠ 15 ನಿಮಿಷ ಒಂದು ಕಡೆ ನಿಂತೋ ನಡೆದೋ, ಕಂಡ ಹಕ್ಕಿ, ದನಿ ಕೇಳಿ ಗುರುತಿಸಿದ ಹಕ್ಕಿ, ಎಲ್ಲವನ್ನೂ ಎಷ್ಟೆಷ್ಟು ಎಂದು ಲೆಕ್ಕ ಹಾಕಿ ಇ-ಬರ್ಡ್ ಎಂಬ ಆ್ಯಪಿನಲ್ಲಿ ತುಂಬಬೇಕು. ಕಾಡಿಗೇ ಹೋಗಬೇಕೆಂದಿಲ್ಲ. ಹಿತ್ತಲಾದರೂ ನಡೆಯುತ್ತದೆ, ಕೆರೆ ದಂಡೆಯಾದರೂ ನಡೆಯುತ್ತದೆ, ಖಾನಾಪುರ ಬಸ್ ಸ್ಟ್ಯಾಂಡಾದರೂ ನಡೆಯುತ್ತದೆ. ಭೀಮಗಡದ ಒಳಗಿನ ಊರುಗಳಲ್ಲಿ ರೇಂಜ್ ಸಿಗುವುದಿಲ್ಲ ಎಂಬ ಚಿಂತೆ ಬೇಡ. ಆ್ಯಪ್ ನೆಟ್ ಇಲ್ಲದೆಯೂ ಬರೆದಿಟ್ಟುಕೊಳ್ಳುತ್ತದೆ, ಖಾನಾಪುರಕ್ಕೆ ಬಂದಾಗ ಕಳಿಸಿದರಾಯಿತು.

ಹೀಗೆ ಕಳಿಸಿದ್ದೆಲ್ಲ ಏನಾಗುತ್ತದೆ? 2023ರಲ್ಲಿ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ಎಂಬ ದೊಡ್ಡ ವರದಿ ಬಂತು. ದೇಶದ ಸುಮಾರು 30,000 ಹಕ್ಕಿ ನೋಡುವವರು ಬರೆದ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಇಟ್ಟುಕೊಂಡು 942 ಜಾತಿಗಳ ಸ್ಥಿತಿಗತಿ ನೋಡಿದ ವರದಿ ಅದು. ನಮ್ಮ ರಾಜ್ಯದ ಹಕ್ಕಿ ನೀಲಕಂಠ ಕಡಿಮೆಯಾಗುತ್ತಿದೆ, ಅದರ ಅಪಾಯದ ಮಟ್ಟವನ್ನು ಮರುಪರಿಶೀಲಿಸಬೇಕು ಎಂದು ಆ ವರದಿ ಹೇಳಿತು. ದಸರೆಯ ದಿನ ನೀಲಕಂಠ ಕಂಡರೆ ಒಳ್ಳೆಯದು ಎನ್ನುವ ನಾಡು ನಮ್ಮದು. ಅದು ಕಡಿಮೆಯಾಗಿದ್ದು ಯಾರೋ ಒಬ್ಬ ವಿಜ್ಞಾನಿಯ ದುರ್ಬೀನಿನಲ್ಲಿ ಕಂಡದ್ದಲ್ಲ. ಸಾವಿರಾರು ಮಂದಿ ವರ್ಷಗಟ್ಟಲೆ ‘ಇವತ್ತು 2 ಕಂಡವು’, ‘ಇವತ್ತು ಒಂದೂ ಇಲ್ಲ’ ಎಂದು ಬರೆದದ್ದರಿಂದ ತಿಳಿದದ್ದು.

ಈಗ ಜಗಳದ ವಿಷಯಕ್ಕೆ ಬರೋಣ. ಇ-ಬರ್ಡ್‌ನಲ್ಲಿ ಪ್ರತಿ ಪ್ರದೇಶಕ್ಕೆ, ಪ್ರತಿ ತಿಂಗಳಿಗೆ ಒಂದು ಜರಡಿ ಇದೆ. ಈ ಭಾಗದಲ್ಲಿ ಈ ತಿಂಗಳು ಈ ಹಕ್ಕಿ ಸಾಮಾನ್ಯವಾಗಿ ಎಷ್ಟು ಕಾಣಬಹುದು ಎಂಬ ಅಂದಾಜಿನ ಮಿತಿ. ಅದನ್ನು ಮೀರಿದ ಸಂಖ್ಯೆ ಬರೆದರೆ, ಅಥವಾ ಆ ಪಟ್ಟಿಯಲ್ಲಿಲ್ಲದ ಹಕ್ಕಿಯ ಹೆಸರು ಬರೆದರೆ, ಆ್ಯಪ್ ಅಲ್ಲೇ ತಡೆದು ವಿವರ ಕೇಳುತ್ತದೆ. ಆಮೇಲೆ ಪರಿಶೀಲಕರೊಬ್ಬರು ನೋಡುತ್ತಾರೆ. ಅವರೂ ನಮ್ಮ ಹಾಗೆ ಪಗಾರವಿಲ್ಲದ ಸ್ವಯಂಸೇವಕರೇ. ಅನುಮಾನ ಬಂದರೆ ಮೇಲ್ ಬರೆದು ಕೇಳುತ್ತಾರೆ. ಒಪ್ಪಿಗೆಯಾಗದಿದ್ದರೂ ಆ ಹಕ್ಕಿ ನಿಮ್ಮ ಸ್ವಂತ ಪಟ್ಟಿಯಲ್ಲಿ ಉಳಿಯುತ್ತದೆ. ಎಲ್ಲರಿಗೂ ಕಾಣುವ ದಾಖಲೆಗೆ ಹೋಗುವುದಿಲ್ಲ, ಅಷ್ಟೇ. ಫೋಟೊ ಇದ್ದರೆ ಅನುಕೂಲ, ಆದರೆ ಫೋಟೊ ಕಡ್ಡಾಯವಲ್ಲ. ವಿವರವಾಗಿ ಬರೆದ ನಾಲ್ಕು ಸಾಲಿಗೂ ಅಲ್ಲಿ ಜಾಗವಿದೆ.

ಅಂದರೆ ಆ್ಯಪ್ ಕೇಳುವುದು ‘ಹೇಗೆ ಗುರುತು ಹಿಡಿದಿರಿ?’ ಎಂದು. ನಮ್ಮ ಸ್ಥಳೀಯ ಗುಂಪುಗಳ ಹಿರಿಯರು ಕೇಳುವುದು ‘ಫೋಟೊ ಎಲ್ಲಿ?’ ಎಂದು. ಇವೆರಡೂ ಒಂದೇ ಪ್ರಶ್ನೆಯಲ್ಲ. ಮೊದಲನೆಯದು ನೋಡಿದವನ ಕಣ್ಣನ್ನು ಕೇಳುತ್ತದೆ. ಎರಡನೆಯದು ಅವನ ಜೇಬನ್ನು ಕೇಳುತ್ತದೆ.

ದೂರದ ಮರದ ತುದಿಯ ಹಕ್ಕಿಯನ್ನು ನಮ್ಮ ಹತ್ತು ಸಾವಿರದ ಮೊಬೈಲಿನಲ್ಲಿ ತೆಗೆದರೆ ಒಂದು ಕಪ್ಪು ಚುಕ್ಕಿ ಬರುತ್ತದೆ. ಬೇಕಿದ್ದರೆ ತೆಗೆದು ನೋಡಿ. ಹಕ್ಕಿಯ ಚಿತ್ರ ತೆಗೆಯುವ ಕ್ಯಾಮೆರಾ, ಲೆನ್ಸು ಎರಡೂ ಸೇರಿ ಒಂದು ಜೋಡಿ ಎತ್ತಿನ ಬೆಲೆಗಿಂತ ಮೇಲೆ ಹೋಗುತ್ತವೆ. ದಿನಾ ಬೆಳಗ್ಗೆ ದನ ಹೊಡೆದುಕೊಂಡು ಅದೇ ಕಾಡಂಚಿಗೆ ಹೋಗುವವನು ವರ್ಷದ 365 ದಿನ ಅಲ್ಲಿರುತ್ತಾನೆ. ಕ್ಯಾಮೆರಾದವರು ವರ್ಷಕ್ಕೆ ಎರಡು ಶನಿವಾರ ಬರುತ್ತಾರೆ. ಅಪರೂಪದ ಹಕ್ಕಿ ಯಾರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಸಾದಾ ಲೆಕ್ಕ.

‘ಹಾಗಂತ ಯಾರು ಏನು ಹೇಳಿದರೂ ನಂಬಬೇಕೇ?’ ಎಂದು ಹಿರಿಯರು ಕೇಳಬಹುದು. ನಂಬುವುದು ಬೇಡ. ಆದರೆ ಅನುಮಾನ ಎಲ್ಲರ ಮೇಲೂ ಒಂದೇ ತೂಕದ್ದಿರಲಿ. ಹಕ್ಕಿ ಶಾಸ್ತ್ರದಲ್ಲಿ ನಡೆದ ಅತಿ ದೊಡ್ಡ ಮೋಸಗಳಲ್ಲಿ ಒಂದನ್ನು ಮಾಡಿದವನು ಹಳ್ಳಿಯವನಲ್ಲ. ಅವನು ಬ್ರಿಟಿಷ್ ಸೇನೆಯ ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹೇಗನ್. ಹೆಸರಾಂತ ಪಕ್ಷಿತಜ್ಞ, ಪುಸ್ತಕ ಬರೆದವನು, ದೊಡ್ಡ ಮನೆತನದವನು. ಕಾಡು ಗೂಬೆ ಎಂಬ ಪುಟ್ಟ ಗೂಬೆಯೊಂದನ್ನು 1914ರಲ್ಲಿ ಗುಜರಾತದ ತಾಪಿ ನದಿ ಕಡೆಯ ಮಾಂಡವಿಯಲ್ಲಿ ಹಿಡಿದೆ ಎಂದು ಚೀಟಿ ಅಂಟಿಸಿದ್ದ. ಎಲ್ಲರೂ ನಂಬಿದರು. ನಂಬಿ ದಶಕಗಳ ಕಾಲ ಆ ಹಕ್ಕಿಯನ್ನು ತಪ್ಪು ಜಾಗದಲ್ಲಿ ಹುಡುಕಿದರು. ಕೊನೆಗೆ ಪಮೇಲಾ ರಾಸ್ಮುಸ್ಸೆನ್ ಎಂಬ ವಿಜ್ಞಾನಿ ಹಳೆಯ ಮಾದರಿಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ, ಕರ್ನಲ್ ಸಾಹೇಬನ ಗೂಬೆ ಲಂಡನ್ನಿನ ವಸ್ತುಸಂಗ್ರಹಾಲಯದಿಂದ ಕದ್ದದ್ದು ಎಂದು ತೋರಿಸಿದರು. ಅದನ್ನು ನಿಜವಾಗಿ ಸಂಗ್ರಹಿಸಿದ್ದವನು 1880ರ ದಶಕದಲ್ಲಿ ಖಾನದೇಶದಲ್ಲಿದ್ದ ಜೇಮ್ಸ್ ಡೇವಿಡ್ಸನ್. ಇದೇ ಡೇವಿಡ್ಸನ್ ಆಮೇಲೆ ನಮ್ಮ ಪಕ್ಕದ ಉತ್ತರ ಕನ್ನಡಕ್ಕೆ ಬಂದು ಅಲ್ಲಿನ ಹಕ್ಕಿಗಳ ಪಟ್ಟಿಯನ್ನೂ ಬರೆದವನು. ಕರ್ನಲ್‌ನ ಸುಳ್ಳು ಚೀಟಿಯನ್ನು ಬದಿಗಿಟ್ಟು, ಡೇವಿಡ್ಸನ್‌ನಂಥವರ ಹಳೆಯ ನಿಜವಾದ ಜಾಗಗಳ ಕಡೆ ಹೋದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಆ ಗೂಬೆ ಕೊಂಬೆ ಮೇಲೆ ಕೂತಿತ್ತು. ನೂರಕ್ಕೂ ಹೆಚ್ಚು ವರ್ಷ ಯಾರೂ ಕಂಡಿಲ್ಲ ಎಂದು ಬರೆದಿಟ್ಟಿದ್ದ ಹಕ್ಕಿ!

ಕರ್ನಲ್‌ನ ಹತ್ತಿರ ಫೋಟೊಗಿಂತ ದೊಡ್ಡದಿತ್ತು, ಸತ್ತ ಹಕ್ಕಿಯೇ ಇತ್ತು. ಆದರೂ ಸುಳ್ಳು.

ಇನ್ನೊಂದು ಕಥೆ ಇದರ ತದ್ವಿರುದ್ಧ. ಜೆರ್ಡನ್ ಎಂಬ ವೈದ್ಯ 1848ರ ಸುಮಾರಿಗೆ ಆಂಧ್ರದ ಕಡೆ ಗುರುತಿಸಿದ ಒಂದು ರಾತ್ರಿ ಹಕ್ಕಿ 1900ರ ನಂತರ ಕಾಣಲಿಲ್ಲ. ಅಳಿದೇ ಹೋಯಿತು ಎಂದುಕೊಂಡರು. 1980ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಕಡಪ ಜಿಲ್ಲೆಯ ಹಳ್ಳಿಗಳಲ್ಲಿ ಹಕ್ಕಿಯ ಚಿತ್ರ ಹಿಡಿದು ಜನರನ್ನು ಕೇಳುತ್ತ ತಿರುಗಿದರು. ಜನರಿಗೆ ಗೊತ್ತಿತ್ತು. ಅವರ ಬಾಯಲ್ಲಿ ಅದಕ್ಕೆ ಕಲಿವಿ ಕೋಡಿ ಎಂಬ ಹೆಸರೂ ಇತ್ತು, ಕಲಿವಿ ಪೊದೆಯ ಕೋಳಿ ಎಂದು. 1986ರ ಜನವರಿಯ ಒಂದು ರಾತ್ರಿ ಸ್ಥಳೀಯನೊಬ್ಬ ಬ್ಯಾಟರಿ ಬೆಳಕಿನಲ್ಲಿ ಅದನ್ನು ಹಿಡಿದೇ ತಂದ. ಸುದ್ದಿ ತಿಳಿದು ವಯಸ್ಸಾಗಿದ್ದ ಸಲೀಂ ಅಲಿಯವರೇ ನೋಡಲು ಬಂದರು. ಗಮನಿಸಿ: ಭರತ್ ಭೂಷಣ್ ಹಳ್ಳಿಯವರನ್ನು ‘ಫೋಟೊ ಎಲ್ಲಿ’ ಎಂದು ಕೇಳಲಿಲ್ಲ. ಚಿತ್ರವನ್ನು ತಾವೇ ತೆಗೆದುಕೊಂಡು ಹೋಗಿ ‘ಇಂಥದ್ದು ಕಂಡಿದ್ದೀರಾ’ ಎಂದು ಕೇಳಿದರು.

ನಮ್ಮ ಕಡೆಯೂ ಅಷ್ಟೇ. ಎರೆ ಹೊಲದಲ್ಲಿ ಸೊಂಟದೆತ್ತರಕ್ಕೆ ನಿಲ್ಲುವ ಹಕ್ಕಿಗೆ ಎರೆಭೂತ ಎಂದು ಹೆಸರಿಟ್ಟವರು ಯಾರು? ಹೊಲದವರು. ಇವತ್ತು ರಾಜ್ಯದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ ಎನ್ನುವ ಹಕ್ಕಿ ಅದು.

ಇನ್ನು ನಮ್ಮವರ ಪಾಲಿನ ಬೈಗುಳ.

‘ನಾ ಕಣ್ಣಾರೆ ನೋಡೇನಿ, ಮತ್ತೇನ್ ಕೇಳ್ತೀರಿ?’ ಎಂದು ಸಿಟ್ಟಾಗುವ ಅಣ್ಣಂದಿರೇ, ಕಣ್ಣಾರೆ ನೋಡಿದ್ದು ಸಾಲದು. ನೋಡಿದ್ದನ್ನು ಬರೆಯಬೇಕು. ಇ. ಎ. ಬಟ್ಲರ್ ಎಂಬ ಸೇನಾಧಿಕಾರಿ 1879–80ರ ಸುಮಾರಿಗೆ ಬೆಳಗಾವಿಯಲ್ಲಿದ್ದಾಗ ಗೂಡುಗಳನ್ನು ನೋಡಿ ಬರೆದ ಟಿಪ್ಪಣಿಗಳನ್ನು ಇವತ್ತಿಗೂ ಜನ ಓದುತ್ತಾರೆ. ಅವನ ಬಳಿ ಕ್ಯಾಮೆರಾ ಇತ್ತೆಂದಲ್ಲ. ತಾರೀಖು, ಊರು, ಯಾವ ಮರ, ಎಷ್ಟೆತ್ತರ, ಎಷ್ಟು ತತ್ತಿ ಎಂದು ಬರೆದಿಟ್ಟ. ಗೂಡು ತೋರಿಸಿದ ನಮ್ಮ ಊರವರ ಹೆಸರು ಎಲ್ಲೂ ಉಳಿಯಲಿಲ್ಲ, ಯಾಕೆಂದರೆ ಬರೆದವರು ಅವರಲ್ಲ.

ಹೇಗೆ ಬರೆಯಬೇಕು? ಮಂಗಟ್ಟೆಯನ್ನೇ ತೆಗೆದುಕೊಳ್ಳಿ. ಖಾನಾಪುರದ ಕಾಡಿನಲ್ಲಿ ಬೇರೆ ಬೇರೆ ಮಂಗಟ್ಟೆಗಳಿವೆ. ಮರಾಠಿ ಮಾತಾಡುವ ಮನೆಗಳಲ್ಲಿ ಧನೇಶ ಅನ್ನುತ್ತಾರೆ. ಹಕ್ಕಿಗೆ ಗಡಿ ತಂಟೆ ಇಲ್ಲ, ಯಾವ ಹೆಸರಾದರೂ ಓಗೊಡುತ್ತದೆ. ‘ದೊಡ್ಡ ಕೊಕ್ಕಿನ ದೊಡ್ಡ ಹಕ್ಕಿ’ ಎಂದು ಬರೆದರೆ ಪರಿಶೀಲಕರು ಏನು ಮಾಡಬೇಕು? ಹಾರುವಾಗ ರೆಕ್ಕೆಯ ನಡುವೆ ಅಗಲವಾದ ಬಿಳಿ ಪಟ್ಟೆ ಕಂಡಿತೇ, ಅಥವಾ ರೆಕ್ಕೆ ಕಪ್ಪಾಗಿದ್ದು ಹಿಂಬದಿಯ ಅಂಚು ಮಾತ್ರ ಬಿಳಿ ಇತ್ತೇ? ಕುತ್ತಿಗೆ ಹಳದಿ ಮಿಶ್ರಿತ ಬಿಳಿಯೋ, ಕಪ್ಪೋ? ಬಾಲ ಬಿಳಿಯಾಗಿದ್ದು ಅಡ್ಡಕ್ಕೆ ಕಪ್ಪು ಪಟ್ಟಿ ಇತ್ತೇ? ಬಿಳಿ ಪಟ್ಟೆಯ ರೆಕ್ಕೆ, ಹಳದಿ ಕುತ್ತಿಗೆ, ಬಾಲದಲ್ಲಿ ಕಪ್ಪು ಪಟ್ಟಿ ಮೂರೂ ಇದ್ದರೆ ಅದು ದೊಡ್ಡ ಮಂಗಟ್ಟೆ. ಕಪ್ಪು ಕುತ್ತಿಗೆ, ರೆಕ್ಕೆಯ ಅಂಚು ಮಾತ್ರ ಬಿಳಿ ಎಂದರೆ ದಾಂಡೇಲಿ ಕಡೆ ಹೆಚ್ಚು ಕಾಣುವ ಕಪ್ಪು-ಬಿಳಿ ಮಂಗಟ್ಟೆ. ಕೊಕ್ಕಿನ ಮೇಲೆ ಕೊಂಬೇ ಇಲ್ಲದೆ, ಮೈ ಬೂದಿಯಾಗಿ, ಯಾರೋ ಗಹಗಹಿಸಿ ನಕ್ಕಂತೆ ಕೂಗಿದರೆ ಅದು ಮಲಬಾರ್ ಬೂದು ಮಂಗಟ್ಟೆ. ಇಷ್ಟು ಬರೆದವನಿಗೆ ಫೋಟೊ ಕೇಳುವವರೇ ತಲೆ ತಗ್ಗಿಸಬೇಕು. ಯಾವುದೆಂದು ಖಾತ್ರಿಯಾಗದಿದ್ದರೆ ‘ಮಂಗಟ್ಟೆ, ಜಾತಿ ತಿಳಿಯದು’ ಎಂದು ಹಾಕುವ ಅವಕಾಶ ಆ್ಯಪಿನಲ್ಲೇ ಇದೆ. ಹಾಗೆ ಹಾಕುವುದು ಅವಮಾನವಲ್ಲ.

ಸಂಖ್ಯೆಯ ವಿಷಯವೂ ಹೀಗೆಯೇ. ಚಳಿಗಾಲದಲ್ಲಿ ಬೈಲಹೊಂಗಲ, ಸವದತ್ತಿ ಕಡೆಯ ಜೋಳದ ಹೊಲಕ್ಕೆ ಗುಲಾಬಿ ಕಬ್ಬಕ್ಕಿಗಳು ಮೋಡದ ಹಾಗೆ ಇಳಿಯುತ್ತವೆ. ‘ಲಕ್ಷ ಇದ್ದವ್ರೀ’ ಎಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಮೊದಲು 10 ಹಕ್ಕಿ ಎಣಿಸಿ, ಅಷ್ಟು ಎಷ್ಟು ಜಾಗ ಹಿಡಿಯಿತು ನೋಡಿ. ಅಂಥ 10 ಗುಂಪು ಸೇರಿಸಿದರೆ 100. ಹಾಗೆ ಇಡೀ ಹಿಂಡನ್ನು ಅಳೆಯಿರಿ. ರಾಶಿ ನೋಡಿ ಚೀಲದ ಲೆಕ್ಕ ಹೇಳುವ ರೈತನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ‘ಹೀಗೆ ಅಂದಾಜು ಮಾಡಿದೆ’ ಎಂದು ಒಂದು ಸಾಲು ಬರೆಯಿರಿ, ಸಾಕು.

ವಾಟ್ಸ್‌ಆ್ಯಪಿನಲ್ಲಿ ಬಂದ ಯಾರದೋ ಫೋಟೊವನ್ನು ‘ನಮ್ಮೂರ ಕೆರೆಯಲ್ಲಿ’ ಎಂದು ಹಾಕುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರು ಊರಿನ ಉಳಿದವರೆಲ್ಲರ ಮಾತಿನ ಬೆಲೆ ಕಳೆಯುತ್ತಾರೆ. ಕರ್ನಲ್ ಸಾಹೇಬನ ಸಂಬಂಧಿಕರು.

ನಮ್ಮ ಪತ್ರಿಕೋದ್ಯಮಕ್ಕೂ ಪಾಲು ಕೊಡಬೇಕು. ವರ್ಷಕ್ಕೆ ಒಂದಾದರೂ ಸುದ್ದಿ ಬರುತ್ತದೆ: ‘ವಿಚಿತ್ರ ಪಕ್ಷಿ ಪತ್ತೆ, ಜನರಲ್ಲಿ ಆತಂಕ’. ಚಿತ್ರ ನೋಡಿದರೆ ಕಣಜ ಗೂಬೆ, ಹೆಚ್ಚಿನ ಸಲ ಅದರ ಮರಿ. ಹೃದಯದಾಕಾರದ ಬಿಳಿ ಮುಖ, ದೊಡ್ಡ ಕಣ್ಣು, ನೆಟ್ಟಗೆ ನಿಲ್ಲುವ ಭಂಗಿ. ಗೋದಾಮಿನಲ್ಲಿ, ಗುಡಿಯ ಸಂದಿಯಲ್ಲಿ, ಹಳೆಯ ವಾಡೆಯ ಅಟ್ಟದ ಮೇಲೆ ಇರುವ ಹಕ್ಕಿ, ರಾತ್ರಿಯೆಲ್ಲ ನಮ್ಮ ಇಲಿ ಹಿಡಿಯುತ್ತದೆ. ಅದು ಅಪರೂಪವೂ ಅಲ್ಲ, ವಿದೇಶಿಯೂ ಅಲ್ಲ. ಒಂದು ಫೋನ್ ಮಾಡಿ ಕೇಳಿದರೆ ತಿಳಿಯುವುದನ್ನು ಕೇಳದೆ ಅಚ್ಚು ಹಾಕುತ್ತಾರೆ, ಜನ ಕಲ್ಲು ಎತ್ತಿಕೊಳ್ಳುತ್ತಾರೆ. ಖಾನಾಪುರದ ಹುಡುಗನ ನಿಜವಾದ ಮಂಗಟ್ಟೆಗೆ ಒಂದು ಸಾಲು ಸಿಗುವುದಿಲ್ಲ, ಸುಳ್ಳು ವಿಚಿತ್ರಕ್ಕೆ ಎರಡು ಕಾಲಂ.

ಇಷ್ಟೆಲ್ಲ ಹಕ್ಕಿಗಾಗಿ ಯಾಕೆ ತಲೆ ಬಿಸಿ ಮಾಡಿಕೊಳ್ಳಬೇಕು ಎನ್ನುವವರಿಗೆ ಖಾನಾಪುರದ್ದೇ ಉದಾಹರಣೆ ಇದೆ. ತಳೇವಾಡಿ ಹತ್ತಿರದ ಬಾರಾಪೆಡೆ ಗುಹೆಯಲ್ಲಿ ಒಂದು ಬಾವಲಿ ಇದೆ, ರಾಟನ್‌ ಬಾವಲಿ. 1913ರಲ್ಲಿ ವಿಜ್ಞಾನ ಅದಕ್ಕೆ ಹೆಸರು ಕೊಟ್ಟಿತು. ಬಹಳ ಕಾಲ ಇಡೀ ಜಗತ್ತಿನಲ್ಲಿ ಆ ಬಾವಲಿಗೆ ಗೊತ್ತಿದ್ದ ಮನೆ ಅದೊಂದೇ. ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಸಿಕ್ಕಿದ್ದು ತೀರಾ ಈಚೆಗೆ. 2011ರ ಡಿಸೆಂಬರಿನಲ್ಲಿ ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಜೀವಿಧಾಮ ಘೋಷಣೆಯಾಗುವಾಗ ಭೀಮಗಡದ ಹೆಸರಿನ ಜೊತೆಗೆ ಬಾಯಿಂದ ಬಾಯಿಗೆ ಓಡಾಡಿದ್ದು ಈ ಬಾವಲಿಯ ಹೆಸರು. ಅಂದರೆ ಒಂದು ಅಪರೂಪದ ಜೀವಿಯ ದಾಖಲೆ ನೆಲದ ಹಣೆಬರಹವನ್ನು ಬದಲಿಸುತ್ತದೆ.

ಇದೇ ಮಾತು ಕೇಳಿ ಒಳಗಿನ ಊರಿನವರು ಹೆದರುತ್ತಾರೆ. ‘ಹಕ್ಕಿ ಐತಿ ಅಂತ ಬರದ್ರ ನಾಳೆ ನಮ್ಮನ್ನ ಎಬ್ಬಸ್ತಾರ’ ಎಂಬ ಮಾತು ನಮಗೆ ಹೊಸದಲ್ಲ, ಸುಳ್ಳು ಭಯವೂ ಅಲ್ಲ. ಗವಾಳಿ, ಪಾಸ್ತೋಳಿ, ಕೊಂಗಳಾದಂಥ ಊರುಗಳು ರಸ್ತೆ, ಕರೆಂಟು, ಫೋನು ಕೇಳಿದಾಗಲೆಲ್ಲ ಕಾಡಿನ ಕಾನೂನು ಅಡ್ಡ ಬಂದಿದೆ. ನಗರದವರು ಹಕ್ಕಿ ಎಣಿಸಿ ಹೋಗುತ್ತಾರೆ, ಪರಿಣಾಮ ಊರವರ ತಲೆ ಮೇಲೆ. ಎಣಿಕೆ ಸಂಘಟಿಸುವವರು ಈ ಮಾತನ್ನು ಒಮ್ಮೆಯಾದರೂ ಬಾಯಿಬಿಟ್ಟು ಆಡಬೇಕು. ಆಡದೆ ‘ಜನರ ಸಹಭಾಗಿತ್ವ’ ಎಂದು ಬ್ಯಾನರ್ ಕಟ್ಟುವುದು ಮೋಸ.

ಆದರೆ ಮುಚ್ಚಿಟ್ಟರೆ ಊರು ಉಳಿಯುತ್ತದೆ ಎಂಬುದನ್ನೂ ನಾವು ಒಪ್ಪುವುದಿಲ್ಲ. ನೀವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ, ಅವರ ಬರಹದಲ್ಲಿ ನೀವು ‘ಕಾಡಿಗೆ ತೊಂದರೆ’ ಆಗಿರುತ್ತೀರಿ. ನಮ್ಮೂರ ದಾಖಲೆ ನಮ್ಮ ಕೈಯಲ್ಲಿರಲಿ. ಅದಕ್ಕೆ ದಾರಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರೊಂದಿಗೆ ಕೂತು ಆ ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲಾತಿ ಪುಸ್ತಕ ಬರೆಯಬೇಕು. ಹೆಚ್ಚಿನ ಕಡೆ ಅದು ಗಡುವಿಗಾಗಿ ತರಾತುರಿಯಲ್ಲಿ ತುಂಬಿದ ಕಾಗದ. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸಿ ಎಂದು ಕೇಳಿ. ಫೆಬ್ರುವರಿಯಲ್ಲಿ ಕಂಡದ್ದನ್ನು ಇ-ಬರ್ಡ್‌ನಲ್ಲಿ ಬರೆದ ಹಾಗೆ ಅದರಲ್ಲೂ ಬರೆಸಿ, ಕನ್ನಡದಲ್ಲೋ ಮರಾಠಿಯಲ್ಲೋ, ನೋಡಿದವರ ಹೆಸರಿನೊಂದಿಗೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನೂ ವನ್ಯಜೀವಿಗಳನ್ನೂ ಕಾಯುವ ಅಧಿಕಾರವನ್ನು ಗ್ರಾಮಸಭೆಗೂ ಕೊಟ್ಟಿದೆ. ವನ್ಯಜೀವಿಗಳ ನೆಲೆ ಎಂದು ಹೇಳಿ ಜನರನ್ನು ಬೇರೆಡೆ ಕಳಿಸಬೇಕಾದರೆ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು ಎಂದೂ ಹೇಳಿದೆ. ‘ಈ ಊರಿನವರು ಇದ್ದೂ ಇಲ್ಲಿ ಇಂತಿಷ್ಟು ಮಂಗಟ್ಟೆ ಗೂಡು ಮಾಡುತ್ತಿವೆ’ ಎಂಬ ದಾಖಲೆ ಊರವರ ಪರವಾಗಿ ಸಾಕ್ಷಿ ಹೇಳುತ್ತದೆ.

ಬೆಳಗಾವಿಯ ಸಂಘಟಕರಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಫೋಟೊ ಇಲ್ಲದ ವರದಿ ಬಂದಾಗ ಅಳಿಸುವ ಮೊದಲು ಆ ವ್ಯಕ್ತಿಗೆ ಫೋನ್ ಮಾಡಿ, ಅವನ ಮಾತಿನಲ್ಲೇ ಕೇಳಿ. ಪರಿಶೀಲಕರ ಮೇಲ್ ಇಂಗ್ಲಿಷಿನಲ್ಲಿ ಬಂದರೆ ಕನ್ನಡಕ್ಕೆ, ಮರಾಠಿಗೆ ಮಾಡಿ ಮುಟ್ಟಿಸಿ, ಉತ್ತರ ಬರೆಯಲು ಜೊತೆಗೆ ಕೂಡಿ. ತಾಲ್ಲೂಕಿಗೆ ನಾಲ್ಕಾದರೂ ದುರ್ಬೀನು ಶಾಲೆಗಳಲ್ಲೋ ಪಂಚಾಯಿತಿ ಗ್ರಂಥಾಲಯಗಳಲ್ಲೋ ಇರಲಿ. ಒಂದು ಒಳ್ಳೆಯ ಲೆನ್ಸಿನ ದುಡ್ಡಿನಲ್ಲಿ ಹತ್ತಿಪ್ಪತ್ತು ದುರ್ಬೀನು ಬರುತ್ತವೆ. ಕೇರಳದಲ್ಲಿ 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಇಡೀ ರಾಜ್ಯವನ್ನು ಚೌಕ ಮಾಡಿಕೊಂಡು ನಡೆದು 3 ಲಕ್ಷದಷ್ಟು ದಾಖಲೆ ಸೇರಿಸಿ ಹಕ್ಕಿ ನಕ್ಷೆ ಮಾಡಿದರು. ಲೆನ್ಸಿನವರಷ್ಟೇ ಸೇರಿದ್ದರೆ ಅದು ಆಗುತ್ತಿರಲಿಲ್ಲ.

ಕೊನೆಗೆ ಇಬ್ಬರಿಗೂ ಸೇರಿದ ಒಂದು ಮಾತು, ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಫೆಬ್ರುವರಿಯ ಎಣಿಕೆಯ ಹೊತ್ತಿಗೆ ದೊಡ್ಡ ಮಂಗಟ್ಟೆಗಳ ಗೂಡಿನ ಕಾಲ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯನ್ನು ಮುಚ್ಚಿಕೊಂಡಿರುತ್ತದೆ, ಒಂದು ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಹಾಗಾಗಿ ಒಂಟಿ ಗಂಡು ಒಂದೇ ದಿಕ್ಕಿಗೆ ಮತ್ತೆ ಮತ್ತೆ ಹಾರುವುದು ಕಂಡರೆ ಗೂಡು ಹತ್ತಿರದಲ್ಲೇ ಇರಬಹುದು. ಹಿಂದೆ ಹೋಗಬೇಡಿ. ಮರದ ಲೊಕೇಶನ್ ಗುಂಪಿಗೆ ಹಾಕಬೇಡಿ. ಹಾಕಿದರೆ ಭಾನುವಾರ ಹತ್ತು ಕಾರು ಬಂದು ನಿಲ್ಲುತ್ತವೆ. ಗಂಡು ಹೆದರಿ ದೂರ ಕೂತರೆ ಒಳಗಿರುವ ಹೆಣ್ಣಿಗೂ ಮರಿಗೂ ಉಪವಾಸ. ಎಣಿಕೆಯ ಪಟ್ಟಿಯಲ್ಲಿ ಊರಿನ ಹೆಸರು ಬರೆದರೆ ಸಾಕು. ಮರ ಯಾವುದೆಂದು ಊರವರಿಗೆ ಗೊತ್ತಿರುತ್ತದೆ.